ಸ್ಟಿಯರಿಂಗ್ ಮೇಲಿನ ಬೆರಳು

ಜೂನ್ ೧೪, ಭಾನುವಾರ. ಸಿಡ್ನಿ.

...“ಬೆರಳೆತ್ತೋಕೂ ಪರಿಚಯ ಬೇಕೇನೋ, ಸಿಡ್ನಿ ದೊರೆ?” ಅಕ್ಕ ರೋವೆನಾ ಹೀಗೇ ಏನೋ ಅಂದಳು. ನಿನ್ನೆ ಅವಳ ಪುಟ್ಟ ಊರು ಆರ್ಮಿಡೇಲ್‌ನಲ್ಲಿ ನನಗೊಂದು ಮನೆ ತೋರಿಸಲು ಕರೆದೊಯ್ಯುತ್ತಾ, ಎದುರಾದ ಪ್ರತಿ ಕಾರಿಗೂ ನಮಸ್ಕಾರದ ಹಾಗೆ ಸ್ಟಿಯರಿಂಗ್‌ನಿಂದ ಒಂದು ಬೆರಳೆತ್ತುತ್ತಿದ್ದಳು.

“ಯಾರಕ್ಕ ಅವರೆಲ್ಲ?” ಅಂದಿದ್ದೆ.

“ನಂಗೇನು ಗೊತ್ತು!”

ಮನೆ ಚೆನ್ನಾಗಿದೆ. ಹಿತ್ತಲಿದೆ, ಅಕ್ಕ ಎರಡೇ ಬೀದಿ ಆಚೆ. ನನ್ನ ಹೃದಯದ ಡಾಕ್ಟರು ಮಾತ್ರ ಇಲ್ಲಿ. ಅಲ್ಲಿ ಊರಿಗೆಲ್ಲ ನನ್ನ ಗುರುತಾಗುತ್ತದೆ. ಅದು ಲಾಭವೋ ನಷ್ಟವೋ ತಿಳಿಯದು. ಅದನ್ನು ಕೊಳ್ಳಲು ಈ ಮನೆ ಮಾರಬೇಕು; ನಾಳೆ ಉತ್ತರ ಹೇಳಬೇಕು.

ಸಂಜೆ ನಮ್ಮ ಬೀದಿಗೆ ತಿರುಗಿದಾಗ ನನ್ನ ಬೆರಳು ತಾನಾಗಿ ಎದ್ದಿತು, ಅಡುಗೆಮನೆಯ ಕಿಟಕಿಯತ್ತ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ನಾನು ಬರುವಾಗಲೆಲ್ಲ ನೀನು ಅಲ್ಲಿಂದ ಕೈ ಬೀಸುತ್ತಿದ್ದೆ. ನೀನು ತೀರಿಕೊಂಡು ಹನ್ನೊಂದು ತಿಂಗಳಾಯಿತು, ಮರಿಯನ್. ಈ ಕಿಟಕಿ ಮಾರಿಬಿಟ್ಟರೆ ಇನ್ನೆಲ್ಲಿಂದ ಬೀಸುತ್ತೀ?