ಸೈಲೆನ್ಸರಿನ ಮಸಿ

೧೧ ಡಿಸೆಂಬರ್ ೧೯೯೭, ಗುರುವಾರ

ಮೂರು ಸಲ ಸೋಪು ಹಚ್ಚಿ ತೊಳೆದರೂ ಬೆರಳಿನ ಮಸಿ ಹೋಗಿಲ್ಲ.

ಬೆಳಿಗ್ಗೆ ಹಿರೇಹಡಗಲಿಯಲ್ಲಿ ಅಮೃತಾಳ ಇಪ್ಪತ್ತು ದಿನದ ಕೂಸು ಉಸಿರಿಗೆ ಒದ್ದಾಡುತ್ತಿತ್ತು. ಅವಳ ಅತ್ತೆ ನಾಗಲಿಂಗಮ್ಮ ನೀರು ಎರೆಯುವಾಗ ಅದರ ಮೂಗಿಗೆ ಎಣ್ಣೆ ಬಿಟ್ಟಿದ್ದಳು. ನರ್ಸ್ ಎಂಬ ಗತ್ತಿನಲ್ಲಿ ಇಡೀ ಓಣಿಗೆ ಕೇಳುವಂತೆ ಬೈದೆ.

"ಒಳ್ಳೇದಾಗ್ಲಿ ಅಂತ ಬಿಟ್ಟೀನ್ರಿ ನರ್ಸಮ್ಮ."

ತಾಯಿ, ಕೂಸು ಇಬ್ಬರನ್ನೂ ನನ್ನ ಮೊಪೆಡ್ ಹಿಂದೆ ಕೂರಿಸಿಕೊಂಡು ಹಡಗಲಿ ತಾಲೂಕು ಆಸ್ಪತ್ರೆಗೆ ಹೊರಟೆ. ಅರ್ಧ ದಾರಿಗೆ ಗಾಡಿ ನಿಂತಿತು. ಎಷ್ಟು ತುಳಿದರೂ ಚಾಲೂ ಆಗಲಿಲ್ಲ. ಮುಕ್ಕಾಲು ಗಂಟೆ ಕಾದ ಮೇಲೆ ಬಸ್ಸು ಬಂತು. ಅಷ್ಟರಲ್ಲಿ ಕೂಸಿನ ತುಟಿ ನೀಲಿಯಾಗಿತ್ತು.

ಈಗ ಆಕ್ಸಿಜನ್ ಕೊಟ್ಟಿದ್ದಾರೆ. ಬೆಳಗಿನವರೆಗೆ ನೋಡೋಣ ಎಂದಿದ್ದಾರೆ ಡಾಕ್ಟರು.

ಸಂಜೆ ಮೆಕ್ಯಾನಿಕ್ ಯೂಸುಫ್ ಸಾಬರು ದಾರಿಯಲ್ಲಿ ಬಿಟ್ಟಿದ್ದ ಗಾಡಿ ತರಿಸಿ ಬಿಚ್ಚಿದರು. ಪ್ಲಗ್ಗು ಕರಿ. ಸೈಲೆನ್ಸರ್ ಒಳಗೆ ಬೆರಳು ಹಾಕಿ ನೋಡಿ ಎಂದರು, ಹಾಕಿದೆ. ಜಿಡ್ಡು ಜಿಡ್ಡು ಮಸಿ.

"ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕ್ತೀರಿ ಮೇಡಂ?"

ಕಂಪನಿಯವರು ಹೇಳಿದ್ದರ ಎರಡು ಪಟ್ಟು ಎಂದೆ.

"ಅಷ್ಟು ಎಣ್ಣಿ ಎಲ್ಲಿ ಸುಡತೈತ್ರಿ? ಎಲ್ಲಾ ಮಸಿಯಾಗಿ ಕಟ್ಟಿಕೊಂಡೈತಿ. ಗಾಡಿ ಉಸಿರು ಹೆಂಗ ಬಿಡಬೇಕು?"

ಹಳೇ ಇಂಜಿನ್ನು, ಅದಕ್ಕೆ ಒಳ್ಳೆಯದಾಗಲಿ ಅಂತ ಹಾಕಿದೆ ಎಂದು ನನ್ನ ಬಾಯಿಂದಲೇ ಬಂತು. ಅಲ್ಲಿ ನಿಲ್ಲಲಾಗಲಿಲ್ಲ.

ಆಸ್ಪತ್ರೆಗೆ ಮರಳಿದಾಗ ನಾಗಲಿಂಗಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನನಗೆ ಹೆದರಿ ಒಳಗೆ ಬಂದಿರಲಿಲ್ಲ.

"ಎಲ್ಲಾ ನನ್ನಿಂದ ಆತೇನ್ರಿ ನರ್ಸಮ್ಮ?"

ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಇಲ್ಲ ಎನ್ನಬೇಕಿತ್ತು. ಹೂಂ ಎಂದು ಒಳಗೆ ಹೋದೆ. ಬೆಳಗಿನವರೆಗೆ ಆ ಕೂಸು ಉಸಿರಾಡಿಕೊಂಡಿದ್ದರೆ ಸಾಕು.