ಮಿಕ್ಕಿ ಮೌಸ್ ಗಿಡದ ಹೂವು

೧೨ ಫೆಬ್ರವರಿ ೨೦೨೫, ಬುಧವಾರ. ಶಿರಾಲಿ

ಕುಮಟೆಯ ನರ್ಸರಿಯಿಂದ ಮಿಕ್ಕಿ ಮೌಸ್ ಗಿಡ ತಂದು ಮೂರು ವರ್ಷವಾಯಿತು. ಹಳದಿ ಎಸಳು ಉದುರಿದ ಮೇಲೆ ಕೆಂಪಾಗುವ ತೊಟ್ಟಿನ ಸುತ್ತ ಕೂರುವ ಕಪ್ಪು ಕಾಯಿಗಾಗಿಯೇ ತಂದದ್ದು. ಇನ್ನೂ ಒಂದನ್ನೂ ನೋಡಿಲ್ಲ. ಅರಳಿದ ಹೂವನ್ನೆಲ್ಲ ಅತ್ತೆ ಬೆಳಿಗ್ಗೆಯೇ ದೇವರಿಗೆ ಕೊಯ್ಯುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಯಾವುದನ್ನೂ ಬೇಡ ಎಂದವಳಲ್ಲ. ಇಂದು ಹೇಳಿಬಿಟ್ಟೆ, ಕೊಯ್ದರೆ ಕಾಯಿ ಬರುವುದಿಲ್ಲ ಎಂದು.

"ಮೂರು ವರ್ಷ ಬಾಯಲ್ಲಿ ಕವಳ ಇಟ್ಕಂಡಿದ್ಯಾ? ದೇವ್ರಿಗೆ ದಾಸಾಳ ಇಲ್ವಾ?" ಎಂದು ಒಳಗೆ ಹೋದರು.

ಸಿಟ್ಟೋ ತಮಾಷೆಯೋ ತಿಳಿಯಲಿಲ್ಲ. ಮಧ್ಯಾಹ್ನ ಅನುವಾದಿತ ಕಾದಂಬರಿಯ ಒಂದೇ ಪುಟವನ್ನು ನಾಲ್ಕು ಸಲ ಓದಿದೆ.

ಸಂಜೆ ಪಕ್ಕದ ಮನೆಯ ಸುಬ್ಬಿ ಗಿಡಕ್ಕೆ ಕೈ ಚಾಚಿದಾಗ ಅತ್ತೆಯ ದನಿ ಕೇಳಿತು: "ಮುಟ್ಬೇಡ ಮಾರಾಯ್ತಿ, ಅದು ನಮ್ಮ ಸುಚಿತಾನ ಗಿಡ."

ಹನ್ನೊಂದು ಮೊಗ್ಗುಗಳಿವೆ. ನಾಳೆ ಅರಳುವುದು ಎರಡೋ ಮೂರೋ. ಬೇಗ ಎದ್ದು ಅತ್ತೆಯ ದೇವರಿಗೆ ದಾಸವಾಳ ಕೊಯ್ದಿಡಬೇಕು.