ಆ ಕಡೆ ಡ್ರಮ್

ಅಪ್ಪಾ,

ಸಿಕ್ತು! ನೀನು ಹೋದಾಗಿನಿಂದ ಶೆಡ್‌ನಲ್ಲಿ ರಿಪೇರಿ ಅರ್ಧಕ್ಕೇ ನಿಂತಿದ್ದ ನಿನ್ನ ಹಳೇ ಲಾರಿಗೆ ಹಿಂದಿನ ಆಕ್ಸಲ್ ಇವತ್ತು ಸಿಕ್ಕೇಬಿಡ್ತು!

ಗುಜರಿ ಅಂಗಡೀಲಿ ಮೂರು ಬಿದ್ದಿದ್ವು. ಮೂರಕ್ಕೂ ತುಕ್ಕು, ಯಾವುದರ ನಂಬರೂ ಓದೋಕಾಗಲ್ಲ. ನೀನು ಮಾಡ್ತಿದ್ದ ಹಾಗೇ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎರಡು ತುದೀಲಿ ಚಕ್ರ ಕೂರೋ ಡ್ರಮ್ ಇರುತ್ತಲ್ಲ, ಅದರಲ್ಲಿ ಈ ಕಡೆ ಡ್ರಮ್ ತಿರುಗಿಸಿದೆ. ಡ್ರಮ್ ಎರಡು ಸುತ್ತು ಬಂದಾಗ ನಡುವೆ ಇಂಜಿನ್ ಕಡೆಯಿಂದ ಬಂದು ಸೇರೋ ಶಾಫ್ಟ್ ಆರೂವರೆ ಸುತ್ತು ಬಂದ್ರೆ ಅದು ನಮ್ಮದು, ಅಲ್ವಾ? ಶಾಫ್ಟ್ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ! ಆ ಕಡೆ ಡ್ರಮ್ ಮಾತ್ರ ಉಲ್ಟಾ ತಿರುಗ್ತಾ ಇತ್ತು.

ಗುಜರಿಯವನಿಗೆ ನಗು. “ಅಕ್ಕಾ, ಅದನ್ನ ಒಬ್ರು ಗಟ್ಟಿಯಾಗಿ ಹಿಡ್ಕೋಬೇಕು. ಆಗ್ಲೇ ಶಾಫ್ಟ್ ತಿರುಗೋದು.”

ಅವನು ಹಿಡ್ಕೊಂಡ, ನಾನು ತಿರುಗಿಸ್ತಾ ಎಣಿಸಿದೆ. ಮೊದಲಿನವೆರಡೂ ಅಲ್ಲ. ಮೂರನೆಯದು ಕರೆಕ್ಟಾಗಿ ಆರೂವರೆ! ಗ್ರೀಸ್ ಕೈಯಲ್ಲೇ ಚಪ್ಪಾಳೆ ಹೊಡೆದು ಕುಣಿದುಬಿಟ್ಟೆ ಕಣಪ್ಪಾ.

ಚಿಕ್ಕವಳಿದ್ದಾಗ ನಾನು ಏದುಸಿರು ಬಿಡ್ತಾ ತಿರುಗಿಸ್ತಿದ್ರೆ, ನೀನು ಆ ಕಡೆ ಡ್ರಮ್ ತಬ್ಕೊಂಡು ಕೂತಿರ್ತಿದ್ದೆ. “ಎಲ್ಲಾ ನಾನೇ ಮಾಡಿದ್ದು, ಅಪ್ಪ ಸುಮ್ನೆ ಕೂತಿದ್ದ” ಅಂತ ಅಮ್ಮನ ಹತ್ರ ಜಂಬ ಕೊಚ್ಕೋತಿದ್ದೆ.

ನೀನೂ “ಹೌದು ಹೌದು” ಅಂತಿದ್ದೆ.